ಯಾರ್ಕ್‌ನಲ್ಲಿ ಎರಡು ದಿನ, ಬರೀ ಕಾಲ್ನಡಿಗೆ: ಅಮ್ಮನ ಮಂಡಿ ತಡೆಯುತ್ತಾ?

ಊರಲೆಯುವವಳು
ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಎರಡು ರಾತ್ರಿ ಇರುತ್ತೇವೆ. ನಾನು, ನಮ್ಮವರು, ಒಂಬತ್ತು ವರ್ಷದ ಮಗ ಮತ್ತು ಅಮ್ಮ. ಅಮ್ಮನಿಗೆ 66. ಸಮತಟ್ಟು ನೆಲದಲ್ಲಿ ನಮಗಿಂತ ಚೆನ್ನಾಗಿ ನಡೆಯುತ್ತಾರೆ. ಮೆಟ್ಟಿಲು ಕಂಡರೆ ಮಾತ್ರ ಮಂಡಿ ಹಿಡಿದುಕೊಂಡು ನಿಂತುಬಿಡುತ್ತಾರೆ.

ನಾಲ್ಕು ವರ್ಷದ ಹಿಂದೆ ಟೂರ್ ಬಸ್ಸಿನಲ್ಲಿ ಇದೇ ಊರಿಗೆ ಹೋಗಿದ್ದೆ. ಎರಡೂವರೆ ಗಂಟೆ ಕೊಟ್ಟಿದ್ದರು. ಶ್ಯಾಂಬಲ್ಸ್ ಬೀದಿಯಲ್ಲಿ ಜನರ ಬೆನ್ನು ನೋಡಿದೆ. ಮಿನ್‌ಸ್ಟರ್ ಅನ್ನುವ ದೊಡ್ಡ ಚರ್ಚಿನ ಮುಂದೆ ಒಂದು ಫೋಟೋ. ಆಮೇಲೆ ಶೌಚಾಲಯದ ಕ್ಯೂ. ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದ.

ಈ ಸಲ ನಮ್ಮವರು ಎಕ್ಸೆಲ್‌ನಲ್ಲಿ 23 ಜಾಗಗಳ ಪಟ್ಟಿ ಮಾಡಿದ್ದಾರೆ. ಪ್ರತಿ ಜಾಗದ ಮುಂದೆ ನಿಮಿಷ ಬೇರೆ ಹಾಕಿದ್ದಾರೆ. ಆ ಹಾಳೆ ನೋಡಿದರೇ ನನಗೆ ಸುಸ್ತು. ಮಿನ್‌ಸ್ಟರ್ ಒಳಗೆ ಟಿಕೆಟ್ ತೆಗೆದುಕೊಂಡು ಹೋಗಲೇಬೇಕಾ? ಕೋಟೆ ಗೋಡೆ ಮೇಲೆ ಅಮ್ಮ ನಡೆಯಬಹುದಾ? 23ರಲ್ಲಿ ಯಾವುದನ್ನು ಹೊಡೆದುಹಾಕಬಹುದು? ಹೋಗಿ ಬಂದವರು ಹೇಳಿ.

ಲೀಡ್ಸ್‌ವಾಸಿ
ಪಕ್ಕದ ಊರಿನವನು ನಾನು. ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ನೆಂಟರು ಬಂದಾಗಲೆಲ್ಲ ಯಾರ್ಕ್ ತೋರಿಸುವ ಡ್ಯೂಟಿ ನನ್ನದೇ, ಹದಿನೈದು ಸಲವಾದರೂ ಆಗಿದೆ.

ಮೊದಲ ಸಮಾಧಾನ: ಯಾರ್ಕ್ ಸಮತಟ್ಟಾದ ಊರು. ಗೋಡೆಯ ಒಳಗಿನ ಹಳೇ ಊರನ್ನು ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದರೂ ಅರ್ಧ ಗಂಟೆ ಹಿಡಿಯುವುದಿಲ್ಲ. ಬಸ್ಸು ಟ್ಯಾಕ್ಸಿ ಯೋಚನೆಯೇ ಬೇಡ.

ಗೋಡೆ ಮಾತ್ರ ಬೇರೆ ಕಥೆ. ಒಟ್ಟು ಸುಮಾರು 3.4 ಕಿಲೋಮೀಟರ್. ಪೂರ್ತಿ ಸುತ್ತುವ ಹಟ ಬೇಡ. ಬೂದಮ್ ಬಾರ್ ಅನ್ನುವ ಹೆಬ್ಬಾಗಿಲಿನಿಂದ ಮಂಕ್ ಬಾರ್ ಹೆಬ್ಬಾಗಿಲಿನವರೆಗಿನ ತುಂಡು ಸಾಕು, ನಿಧಾನಕ್ಕೆ ಹೋದರೂ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಮಿನ್‌ಸ್ಟರ್ ಜೊತೆಯಲ್ಲೇ ಬರುತ್ತದೆ. ಆದರೆ ಹತ್ತಲು ಇಳಿಯಲು ಕಲ್ಲಿನ ಮೆಟ್ಟಿಲು. ಮಂಕ್ ಬಾರ್ ಹತ್ತಿರದ್ದು ಇಕ್ಕಟ್ಟು, ಕಡಿದು ಬೇರೆ. ಒಳಬದಿಗೆ ಹಲವು ಕಡೆ ಕಂಬಿಯೇ ಇಲ್ಲ, ಮಗನ ಕೈ ಬಿಡಬೇಡಿ. ಕತ್ತಲಾಗುವ ಹೊತ್ತಿಗೆ ಬಾಗಿಲು ಹಾಕುತ್ತಾರೆ.

ಅಮ್ಮನನ್ನು ಅಷ್ಟು ಹೊತ್ತು ಮಿನ್‌ಸ್ಟರ್ ಹಿಂದಿನ ಡೀನ್ಸ್ ಪಾರ್ಕಿನಲ್ಲಿ ಕೂರಿಸಿ. ಹುಲ್ಲು, ಬೆಂಚು, ಗಲಾಟೆ ಇಲ್ಲ. ಗೋಡೆ ಮೇಲಿಂದ ಕೈ ಬೀಸಬಹುದು.

ಸುಮ್ನೆ_ಒಬ್ಬ
ಮಿನ್‌ಸ್ಟರ್ ಒಳಗೆ ಹೋಗೋಕೆ ದುಡ್ಡು ದಂಡ. ಹೊರಗಿನಿಂದಲೇ ಅಷ್ಟು ದೊಡ್ಡದಾಗಿ ಕಾಣುತ್ತದಲ್ಲ. ಒಂದು ಚರ್ಚ್ ನೋಡಿದರೆ ಎಲ್ಲಾ ಚರ್ಚ್ ನೋಡಿದ ಹಾಗೆ. ಆ ದುಡ್ಡಿಗೆ ನಾಲ್ಕು ಜನ ಹೊಟ್ಟೆ ತುಂಬ ತಿನ್ನಬಹುದು.

ಗಾಜಿನಕಣ್ಣು
ಸುಮ್ನೆ_ಒಬ್ಬರೇ, ಸುಮ್ನೆ ಇದ್ದಿದ್ದರೆ ಚೆನ್ನಾಗಿತ್ತು :)

ಬಣ್ಣದ ಗಾಜನ್ನು ಹೊರಗಿನಿಂದ ನೋಡುವುದು ಅಂದರೆ ಸೀರೆಯ ಹಿಂಬದಿ ನೋಡಿದ ಹಾಗೆ. ಹೊರಗೆ ಬರೀ ಕಪ್ಪು ಸೀಸ, ಮಂಕು ಗಾಜು. ಒಳಗೆ ನಿಂತರೆ ತಾನೇ ಬಿಸಿಲು ಅದರ ಮೂಲಕ ಬರುವುದು!

ಪೂರ್ವ ದಿಕ್ಕಿನ ದೊಡ್ಡ ಕಿಟಕಿ ಸುಮಾರು ಒಂದು ಟೆನ್ನಿಸ್ ಅಂಗಳದಷ್ಟಿದೆ. ಕವೆಂಟ್ರಿಯ ಜಾನ್ ಥಾರ್ನ್‌ಟನ್ ಎಂಬ ಗಾಜಿನ ಕೆಲಸಗಾರ 1405ರಲ್ಲಿ ಶುರು ಮಾಡಿ 1408ಕ್ಕೆ ಮುಗಿಸಿಕೊಟ್ಟ. ಒಟ್ಟು ಕೂಲಿ 56 ಪೌಂಡ್. ಬೈಬಲಿನ ಸೃಷ್ಟಿಯ ಕಥೆ ಮೇಲೆ, ಲೋಕ ಕೊನೆಯಾಗುವ ಕಥೆ ಕೆಳಗೆ. ನಮ್ಮ ಕಾಲದಲ್ಲಿ ಅದೇ ಕಿಟಕಿಯ 311 ಗಾಜಿನ ಫಲಕಗಳನ್ನು ಬಿಚ್ಚಿ, ತೊಳೆದು, ಮತ್ತೆ ಕೂರಿಸುವುದಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 2018ರಲ್ಲಿ ಮುಗಿಯಿತು. ಅವನು ಮೂರು ವರ್ಷದಲ್ಲಿ ಮಾಡಿದ್ದನ್ನು ಒರೆಸಿಡುವುದಕ್ಕೇ ನಮಗೆ ಇಷ್ಟು ಹೊತ್ತು!

ನನಗೆ ಅದಕ್ಕಿಂತ ಇಷ್ಟ ಉತ್ತರದ 'ಐವರು ಸೋದರಿಯರು'. ಐದು ಉದ್ದನೆಯ ಕಿಟಕಿ, 13ನೇ ಶತಮಾನದ್ದು. ಕೆಂಪು ನೀಲಿ ಅಬ್ಬರ ಇಲ್ಲ, ಬೂದು ಹಸಿರು ಗಾಜಿನ ಚೂರುಗಳು. ಮಂಜು ಬಿದ್ದ ಬೆಳಗಿನ ಹಾಗೆ. ಮೊದಲ ಮಹಾಯುದ್ಧದಲ್ಲಿ ಸತ್ತ ಹೆಂಗಸರ ನೆನಪಿಗೆ ಅದನ್ನು 1925ರಲ್ಲಿ ಅರ್ಪಿಸಿದರು. ಜನ ಒಂದು ಫೋಟೋ ಹೊಡೆದು ಮುಂದೆ ಹೋಗುತ್ತಾರೆ. ಅಮ್ಮನನ್ನು ಅಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿ, ಕಾಲು ಗಂಟೆ ಬಿಡಿ.

ಸುಮ್ನೆ_ಒಬ್ಬ
ಸರಿ ಸರಿ. ಆದರೂ ಟಿಕೆಟ್ ಜಾಸ್ತೀನೇ.

ಲೀಡ್ಸ್‌ವಾಸಿ
ದುಡ್ಡಿನದೇ ಚಿಂತೆಯಾದರೆ ಸಂಜೆಯ ಪ್ರಾರ್ಥನೆಗೆ ಹೋಗಿ. ಈವನ್‌ಸಾಂಗ್ ಅಂತಾರೆ. ಅದಕ್ಕೆ ಟಿಕೆಟ್ ಇಲ್ಲ, ಯಾವ ಧರ್ಮದವರಾದರೂ ಕೂರಬಹುದು. ಆ ಕಲ್ಲಿನ ಸೂರಿನ ಕೆಳಗೆ ಮಕ್ಕಳ ದನಿ ಮೇಲೇರುವುದನ್ನು ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಅದು ಪೂಜೆಯ ಹೊತ್ತು, ಸುತ್ತಾಡುವಂತಿಲ್ಲ, ಫೋಟೋ ಇಲ್ಲ. ಆ ದಿನದ ಸಮಯ ಮೊದಲೇ ನೋಡಿಕೊಳ್ಳಿ.

ಮೊದಲ_ಸಲ
ಒಂದು ದಡ್ಡ ಪ್ರಶ್ನೆ. ಕ್ಯಾಥೆಡ್ರಲ್, ಮಿನ್‌ಸ್ಟರ್ ಎರಡೂ ಒಂದೇನಾ? ಕ್ಯಾಥೆಡ್ರಲ್ ಇದ್ದರೆ ಮಾತ್ರ 'ಸಿಟಿ' ಅನ್ನಬೇಕು ಅಂತ ಎಲ್ಲೋ ಓದಿದ್ದೆ.

ಹಳೇ_ನಕಾಶೆ
ದಡ್ಡ ಪ್ರಶ್ನೆ ಏನಲ್ಲ. ಬಿಷಪ್‌ನ ಪೀಠ ಎಲ್ಲಿದೆಯೋ ಅದು ಕ್ಯಾಥೆಡ್ರಲ್. ಕತೆಡ್ರಾ ಅಂದರೆ ಕುರ್ಚಿ, ಅಷ್ಟೇ. ಮಿನ್‌ಸ್ಟರ್ ಅನ್ನುವುದು ಇಂಗ್ಲಿಷಿನ ಹಳೇ ಮಾತು, ಮೊನಾಸ್ಟರಿ ಅನ್ನುವ ಪದದ ನೆಂಟ. ಯಾರ್ಕ್‌ನದು ಎರಡೂ ಹೌದು. ಅಲ್ಲಿ ಕೂರುವವರು ಆರ್ಚ್‌ಬಿಷಪ್.

ಕ್ಯಾಥೆಡ್ರಲ್ ಇದ್ದರೇ ಸಿಟಿ ಅನ್ನುವುದು ಹಳೇ ವಾಡಿಕೆ. 1889ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಕ್ಯಾಥೆಡ್ರಲ್ ಇಲ್ಲದೆಯೇ ಸಿಟಿ ಪಟ್ಟ ಸಿಕ್ಕಿತು. ಅಲ್ಲಿಗೆ ಆ ವಾಡಿಕೆ ಮುರಿಯಿತು.

ಇನ್ನೊಂದು ಗೊಂದಲ ಈಗಲೇ ಬಿಡಿಸಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮವರ ಎಕ್ಸೆಲ್ ಹಾಳೆ ಕೈ ಕೊಡುತ್ತದೆ. ಯಾರ್ಕ್‌ನಲ್ಲಿ ಬೀದಿಗೆ ಗೇಟ್ ಅಂತಾರೆ, ಗೇಟಿಗೆ ಬಾರ್ ಅಂತಾರೆ, ಬಾರಿಗೆ ಪಬ್ ಅಂತಾರೆ. 866ರಲ್ಲಿ ಊರು ಹಿಡಿದ ವೈಕಿಂಗರ ಭಾಷೆಯಲ್ಲಿ ಗಾಟಾ ಅಂದರೆ ಬೀದಿ. ಸ್ಟೋನ್‌ಗೇಟ್, ಗುಡ್ರಮ್‌ಗೇಟ್, ಮಿಕಲ್‌ಗೇಟ್ ಎಲ್ಲವೂ ಬೀದಿಗಳು. ಕೋಟೆಯ ಹೆಬ್ಬಾಗಿಲುಗಳೇ ಬಾರ್. ದೊಡ್ಡವು ನಾಲ್ಕು: ಬೂದಮ್, ಮಂಕ್, ವಾಮ್‌ಗೇಟ್, ಮಿಕಲ್‌ಗೇಟ್.

ಬಿಸಿಲುಕುದುರೆ
ಮಿಕಲ್‌ಗೇಟ್ ಬಾರ್ ಮೇಲೆ ತಲೆಗಳನ್ನು ಕಡಿದು ನೇತು ಹಾಕುತ್ತಿದ್ದರು ಅಂತ ಮಗನಿಗೆ ಹೇಳಿ. 1460ರಲ್ಲಿ ಯಾರ್ಕ್‌ನ ಡ್ಯೂಕ್ ರಿಚರ್ಡ್‌ನ ತಲೆಯನ್ನೂ ಅಲ್ಲೇ ಇಟ್ಟಿದ್ದರು. ಒಂಬತ್ತು ವರ್ಷದ ಹುಡುಗರಿಗೆ ಇಷ್ಟು ಸಾಕು, ಇಡೀ ದಿನ ತಾವಾಗಿಯೇ ನಡೆಯುತ್ತಾರೆ.

ಚಹಾಪ್ರಿಯೆ
ಶ್ಯಾಂಬಲ್ಸ್ ಪಟ್ಟಿಯಿಂದ ತೆಗೆದುಹಾಕಿ. ಹ್ಯಾರಿ ಪಾಟರ್ ಮಂತ್ರದಂಡ ಮಾರುವ ಅಂಗಡಿಗಳ ಕ್ಯೂ ಬಿಟ್ಟರೆ ಈಗ ಅಲ್ಲಿ ಏನೂ ಇಲ್ಲ.

ಹಳೇ_ನಕಾಶೆ
ತೆಗೆಯಬೇಡಿ, ಹೊತ್ತು ಬದಲಾಯಿಸಿ. ಬೆಳಗ್ಗೆ ಎಂಟಕ್ಕೆ ಹೋದರೆ ಹಾಲಿನವರು, ಕಸದವರು, ನೀವು. ಆಗ ತಲೆ ಎತ್ತಿ ನೋಡಿ. ಎರಡೂ ಬದಿಯ ಮರದ ಚೌಕಟ್ಟಿನ ಮನೆಗಳು ಮೇಲೆ ಹೋದಷ್ಟೂ ಮುಂದಕ್ಕೆ ಬಾಗಿವೆ. ಅದು ಕಸಾಯಿಗಳ ಬೀದಿ. 1872ರಲ್ಲೂ ಅಲ್ಲಿ 25 ಮಾಂಸದ ಅಂಗಡಿಗಳಿದ್ದವು. ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು, ಕಿಟಕಿಯ ಮುಂದಿನ ಅಗಲದ ಹಲಗೆಗಳು ಈಗಲೂ ಇವೆ. ಮಾಂಸಕ್ಕೆ ಬಿಸಿಲು ತಾಗದಿರಲಿ ಅಂತಲೇ ಬೀದಿ ಇಷ್ಟು ಇಕ್ಕಟ್ಟು ಎಂದು ಹೇಳುತ್ತಾರೆ.

ಅಲ್ಲೇ ಮಾರ್ಗರೆಟ್ ಕ್ಲಿದರೋ ಎಂಬ ಕಸಾಯಿಯ ಹೆಂಡತಿಯ ಗುಡಿಯಂಥ ಚಿಕ್ಕ ಕೋಣೆ ಇದೆ. ಆಗ ನಿಷೇಧವಿದ್ದ ಕ್ಯಾಥೊಲಿಕ್ ಪಾದ್ರಿಗಳನ್ನು ಮನೆಯಲ್ಲಿ ಬಚ್ಚಿಟ್ಟಳು ಅಂತ 1586ರಲ್ಲಿ ಅವಳ ಮೇಲೆ ಭಾರ ಹೇರಿ ಕೊಂದರು.

ಬಿಸಿಲುಕುದುರೆ
ಅದು ಅವಳ ಮನೆಯೇ ಅಲ್ಲ ಅಂತಾರಲ್ಲ? ಅವಳಿದ್ದದ್ದು 10ನೇ ನಂಬರಿನ ಮನೆಯಂತೆ.

ಹಳೇ_ನಕಾಶೆ
ಹೌದು, ಒಪ್ಪಿದೆ. ಗುಡಿ ಇರುವುದು ಬೇರೆ ಮನೆಯಲ್ಲಿ. ಭಕ್ತರಿಗೆ ನಂಬರ್ ಮುಖ್ಯವಲ್ಲ ಬಿಡಿ.

ಭೂತಪ್ರೇಮಿ
ಯಾರೂ ದೆವ್ವದ ವಿಷಯ ಎತ್ತಲೇ ಇಲ್ಲ! ಮಿನ್‌ಸ್ಟರ್ ಹಿಂದೆ ಟ್ರೆಷರರ್ಸ್ ಹೌಸ್ ಅಂತ ಇದೆ. 1953ರಲ್ಲಿ ಅದರ ನೆಲಮಾಳಿಗೆಯಲ್ಲಿ ಪೈಪಿನ ಕೆಲಸಕ್ಕೆ ಇಳಿದಿದ್ದ ಹುಡುಗನೊಬ್ಬ, ಗೋಡೆಯೊಳಗಿಂದ ರೋಮನ್ ಸೈನಿಕರ ಸಾಲು ನಡೆದು ಬಂದದ್ದನ್ನು ಕಂಡೆ ಎಂದ. ಅವರಿಗೆ ಮಂಡಿಯಿಂದ ಕೆಳಗೆ ಕಾಲೇ ಇರಲಿಲ್ಲವಂತೆ. ಹಳೇ ರೋಮನ್ ರಸ್ತೆ ನೆಲಮಾಳಿಗೆಯ ನೆಲಕ್ಕಿಂತ ಕೆಳಗಿದೆ. ಅವರು ನಡೆದದ್ದು ಆ ರಸ್ತೆಯ ಮೇಲೆ.

ಊರಲೆಯುವವಳು
ಅಮ್ಮನಿಗೆ ಓದಿ ಹೇಳಿದೆ. "ಪುಣ್ಯವಂತರು, ಮಂಡಿ ನೋವಿಲ್ಲ" ಅಂದರು.

ಬಿಸಿಲುಕುದುರೆ
😂😂 ಅಮ್ಮನಿಗೆ ನಮಸ್ಕಾರ ಹೇಳಿ.

ರೈಲುಹುಚ್ಚ
ರೈಲ್ವೆ ಮ್ಯೂಸಿಯಂ! ಸ್ಟೇಷನ್ನಿನ ಹಿಂದೆಯೇ. ಪ್ರವೇಶಕ್ಕೆ ಕಾಸಿಲ್ಲ. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮ್ಯಾಲರ್ಡ್ ಅಲ್ಲೇ ನಿಂತಿದೆ. ಉಗಿಬಂಡಿಗಳಲ್ಲಿ ಆ ದಾಖಲೆ ಇನ್ನೂ ಅದರದೇ. ಅರ್ಧ ದಿನ ಇಡಿ.

ಲೀಡ್ಸ್‌ವಾಸಿ
ಅರ್ಧ ದಿನ?? ಇರುವುದೇ ಎರಡು ದಿನ ಮಾರಾಯ. ಇವರು ಕೇಳಿದ್ದು ಹಳೇ ಊರು ನಡೆದು ನೋಡೋದು.

ರೈಲುಹುಚ್ಚ
ರೈಲೂ ಹಳೇದೇ ತಾನೆ. ನಡೆದೇ ಹೋಗೋದು ತಾನೆ.

ಗಾಜಿನಕಣ್ಣು
ಮಿನ್‌ಸ್ಟರ್ ಗೋಪುರಕ್ಕೆ 275 ಮೆಟ್ಟಿಲು, ಸುತ್ತಿ ಸುತ್ತಿ ಹತ್ತಬೇಕು. ಟಿಕೆಟ್ ಬೇರೆ, ಹೊತ್ತೂ ನಿಗದಿ. ಎಂಟು ವರ್ಷ ತುಂಬದ ಮಕ್ಕಳನ್ನು ಬಿಡುವುದಿಲ್ಲ. ನಿಮ್ಮ ಮಗ ಪಾಸ್. ಅವನನ್ನು ಅಪ್ಪನ ಜೊತೆ ಕಳಿಸಿ. ಅಷ್ಟು ಹೊತ್ತು ನೀವು, ಅಮ್ಮ ಚಾಪ್ಟರ್ ಹೌಸ್ ನೋಡಿ. ಪಾದ್ರಿಗಳ ಸಭೆಯ ಎಂಟು ಮೂಲೆಯ ದೊಡ್ಡ ಕೋಣೆ, ನಡುವೆ ಒಂದು ಕಂಬವೂ ಇಲ್ಲ. ಗೋಡೆ ತುಂಬ ಕಲ್ಲಿನ ಪುಟ್ಟ ಮುಖಗಳು: ನಾಲಿಗೆ ಚಾಚಿದವನು, ಮುಖ ಗಂಟಿಕ್ಕಿದವನು. ಮುಖಗಳು ಸಾಲಾಗಿ ಇರುವುದು ಕೂತವರ ತಲೆಯ ಮೇಲೇ. ಮೆಟ್ಟಿಲಿನ ಗೊಡವೆ ಇಲ್ಲ.

ದಕ್ಷಿಣದ ಗುಲಾಬಿ ಕಿಟಕಿಗೂ ಒಂದು ಕಥೆ ಇದೆ. 1984ರ ಜುಲೈ 9ರ ಬೆಳಗಿನ ಜಾವ ಆ ಬದಿಯ ಚಾವಣಿಗೆ ಬೆಂಕಿ ಬಿತ್ತು. ಸಿಡಿಲು ಕಾರಣ ಎಂದರು. ಚಾವಣಿಯೇ ಕುಸಿಯಿತು. ಗಾಜು ಸಾವಿರಾರು ಕಡೆ ಸೀಳು ಬಿಟ್ಟಿತು, ಆದರೆ ಕೆಳಗೆ ಬೀಳಲಿಲ್ಲ. ಹೊಸ ಚಾವಣಿಯ ಕೆತ್ತನೆಗಳಲ್ಲಿ ಆರನ್ನು ಟಿವಿ ಕಾರ್ಯಕ್ರಮದ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳು ಬಿಡಿಸಿಕೊಟ್ಟರು. ಅವುಗಳನ್ನು ಹುಡುಕುವ ಕೆಲಸ ಮಗನಿಗೆ ಕೊಡಿ.

ಲಿಂಕನ್‌ಪ್ರಿಯ
ಎಲ್ಲರೂ ಯಾರ್ಕ್ ಯಾರ್ಕ್ ಅಂತೀರಿ. ಲಿಂಕನ್ ಕ್ಯಾಥೆಡ್ರಲ್ ಇದಕ್ಕಿಂತ ಚೆನ್ನಾಗಿದೆ, ಜನವೂ ಕಡಿಮೆ. 1548ರಲ್ಲಿ ಅದರ ಶಿಖರ ಬೀಳದೆ ಇದ್ದಿದ್ದರೆ ನೋಡಬೇಕಿತ್ತು.

ಲೀಡ್ಸ್‌ವಾಸಿ
ಲಿಂಕನ್‌ನಲ್ಲಿ ಸ್ಟೇಷನ್‌ನಿಂದ ಕ್ಯಾಥೆಡ್ರಲ್‌ಗೆ ಹತ್ತುವ ಬೀದಿಯ ಹೆಸರೇ 'ಕಡಿದಾದ ಬೆಟ್ಟ'. ಮಂಡಿ ನೋವಿನವರಿಗೆ ಅದನ್ನು ಹೇಳುತ್ತೀರಲ್ಲ ಸ್ವಾಮಿ!

ಲಿಂಕನ್‌ಪ್ರಿಯ
ಮೇಲಕ್ಕೆ ಬಸ್ಸಿದೆ...

ಮೊದಲ_ಸಲ
ಡರಮ್ ಹೇಗೆ?

ಹಳೇ_ನಕಾಶೆ
ಕಟ್ಟಡ ಅಂತ ನೋಡಿದರೆ ನನ್ನ ಓಟು ಡರಮ್‌ಗೇ. 1093ರಲ್ಲಿ ಶುರುವಾದ ನಾರ್ಮನ್ ಕಟ್ಟಡ, ಆ ದಪ್ಪ ಕಂಬಗಳ ಮುಂದೆ ಯಾರ್ಕ್ ನಾಜೂಕು ಅನ್ನಿಸುತ್ತದೆ. ಆದರೆ ಅದೂ ಬೆಟ್ಟದ ಮೇಲೆ. ಮತ್ತೆ ಅದು ಒಂದು ಕ್ಯಾಥೆಡ್ರಲ್ ಮತ್ತು ಅದರ ಸುತ್ತ ಒಂದಿಷ್ಟು ಊರು. ಯಾರ್ಕ್‌ನಲ್ಲಿ ಊರೇ ದೊಡ್ಡದು, ಒಂದರ ಮೇಲೊಂದು ಊರು.

ಮ್ಯೂಸಿಯಂ ಗಾರ್ಡನ್ಸ್‌ನಲ್ಲಿ ಹಲವು ಮೂಲೆಯ ಒಂದು ಗೋಪುರ ಇದೆ. ಕೆಳಗಿನ ಸಣ್ಣ ಕಲ್ಲುಗಳು ರೋಮನ್ನರವು, ನಡುವೆ ಕೆಂಪು ಇಟ್ಟಿಗೆಯ ಪಟ್ಟಿಯೂ ಇದೆ. ಮೇಲಿನ ದೊಡ್ಡ ಕಲ್ಲು ಸಾವಿರ ವರ್ಷದ ನಂತರದವು. ಅದನ್ನು ಕೈಯಲ್ಲಿ ಮುಟ್ಟಿ ನೋಡಬಹುದು. ಟಿಕೆಟ್ ಇಲ್ಲ, ಮೆಟ್ಟಿಲಿಲ್ಲ.

ಕ್ರಿ.ಶ. 71ರಲ್ಲಿ ರೋಮನ್ನರು ಇಲ್ಲಿ ಕೋಟೆ ಕಟ್ಟಿದರು. 306ರಲ್ಲಿ ಕಾನ್‌ಸ್ಟಂಟೈನ್‌ನನ್ನು ಚಕ್ರವರ್ತಿ ಎಂದು ಸೈನಿಕರು ಕೂಗಿದ್ದು ಇದೇ ಊರಿನಲ್ಲಿ. ಮಿನ್‌ಸ್ಟರ್ ಪಕ್ಕ ಅವನ ಪ್ರತಿಮೆ ಇದೆ, ಎದುರಿಗೆ ಒಂದು ರೋಮನ್ ಕಂಬ. ಆ ಕಂಬವನ್ನು ತಲೆಕೆಳಗಾಗಿ ನಿಲ್ಲಿಸಿದ್ದಾರೆ ಅನ್ನುವ ಮಾತಿದೆ. ಅದು ಸಿಕ್ಕಿದ್ದು ಹೇಗೆ ಗೊತ್ತಾ? 1967ರ ಹೊತ್ತಿಗೆ ಮಿನ್‌ಸ್ಟರಿನ ನಡು ಗೋಪುರ ಬೀಳುವ ಹಾಗಾಗಿತ್ತು. ಬುಡ ಗಟ್ಟಿ ಮಾಡಲು ಅಗೆದರೆ ಕೆಳಗೆ ರೋಮನ್ ಕೋಟೆಯ ಮುಖ್ಯ ಕಚೇರಿಯ ಗೋಡೆಗಳು! ನೆಲಮಾಳಿಗೆಯ ಮ್ಯೂಸಿಯಂನಲ್ಲಿ ಅದೆಲ್ಲ ನೋಡಬಹುದು.

ಬಿಸಿಲುಕುದುರೆ
ಸ್ಟೋನ್‌ಗೇಟ್ ನಡೆಯುವಾಗ ನಿಮ್ಮ ಕಾಲ ಕೆಳಗೂ ರೋಮನ್ ರಸ್ತೆಯೇ. ಅಲ್ಲಿ ಒಂದು ಅಂಗಡಿ ಮೂಲೆಯಲ್ಲಿ ಕೆಂಪು ಪಿಶಾಚಿಯ ಬೊಂಬೆ ಕೂತಿದೆ. ಅಚ್ಚುಮೊಳೆ ಹೊತ್ತು ತರುವ ಹುಡುಗರಿಗೆ 'ಮುದ್ರಕನ ಪಿಶಾಚಿ' ಅಂತ ಹೆಸರಿತ್ತು, ಅದರ ಗುರುತು. ಪಕ್ಕದ ಕಾಫಿ ಯಾರ್ಡ್ ಸಂದಿಯಲ್ಲಿ ನುಗ್ಗಿ. ಎತ್ತರದವರು ತಲೆ ಬಗ್ಗಿಸಬೇಕು.

ವಿಪ್-ಮಾ-ವಾಪ್-ಮಾ-ಗೇಟ್ ಬೋರ್ಡ್ ಮುಂದೆ ಫೋಟೋ ಮರೆಯಬೇಡಿ. ಊರಿನ ಅತಿ ಚಿಕ್ಕ ಬೀದಿಗೆ ಅತಿ ಉದ್ದದ ಹೆಸರು.

ಚಹಾಪ್ರಿಯೆ
ಚಹಾದ ಬಗ್ಗೆ ಒಂದು ಮಾತು. ನಾನು ಒಂದು ಹೆಸರುವಾಸಿ ಜಾಗದ ಮುಂದೆ ಮಳೆಯಲ್ಲಿ ಐವತ್ತು ನಿಮಿಷ ನಿಂತೆ. ಒಳಗೆ ಸಿಕ್ಕಿದ್ದು ತಣ್ಣಗಿನ ಸ್ಕೋನ್ ಅನ್ನುವ ಬನ್ನು, ಬಿಸಿ ಬಿಲ್ಲು. ಕ್ಯೂ ಇದ್ದರೆ ಮುಂದಿನ ಬೀದಿಗೆ ಹೋಗಿ. ಅಂಗಡಿಗಳೆಲ್ಲ ಐದೂವರೆ ಹೊತ್ತಿಗೆ ಮುಚ್ಚುತ್ತವೆ, ನೆನಪಿರಲಿ.

ಹಾಂ, ಕಿಟ್‌ಕ್ಯಾಟ್ ಹುಟ್ಟಿದ ಊರು ಇದು. 1935ರಲ್ಲಿ ರೌಂಟ್ರೀ ಕಂಪನಿಯವರು ಬೇರೆ ಹೆಸರಿನಲ್ಲಿ ಶುರು ಮಾಡಿದ್ದು. ಮಗನಿಗೆ ಹೇಳಿ.

ಗಾಜಿನಕಣ್ಣು
ಚಹಾದಿಂದ ಭಾರದ ವಿಷಯಕ್ಕೆ ಹಾರುತ್ತಿದ್ದೇನೆ, ಕ್ಷಮಿಸಿ. ಕ್ಲಿಫರ್ಡ್ಸ್ ಟವರ್ ಪಟ್ಟಿಯಲ್ಲಿದೆಯಾ? ದಿಬ್ಬದ ಮೇಲಿನ ಕಲ್ಲಿನ ಕೋಟೆ. ಮೇಲಿಂದ ನೋಟ ಚೆನ್ನಾಗಿದೆ ಅಂತ ಎಲ್ಲರೂ ಹತ್ತುತ್ತಾರೆ. 1190ರ ಮಾರ್ಚ್‌ನಲ್ಲಿ ಊರಿನ ಯಹೂದಿಗಳು, ಸುಮಾರು 150 ಜನ, ದೊಂಬಿಗೆ ಹೆದರಿ ಅಲ್ಲಿದ್ದ ಮರದ ಗೋಪುರದಲ್ಲಿ ಸೇರಿಕೊಂಡರು. ಹೊರಬರಲು ದಾರಿ ಇಲ್ಲ ಅಂತಾದಾಗ ಬಹಳ ಜನ ತಮ್ಮವರನ್ನು ತಾವೇ ಕೊಂದುಕೊಂಡರು. ಉಳಿದವರನ್ನು ಹೊರಗಿನವರು ಕೊಂದರು. ದಿಬ್ಬದ ಬುಡದಲ್ಲಿ ಒಂದು ಕಲ್ಲಿದೆ. ಹತ್ತದಿದ್ದರೂ ಪರವಾಗಿಲ್ಲ, ಅದನ್ನು ಓದಿ.

ಊರಲೆಯುವವಳು
ಇದು ಗೊತ್ತೇ ಇರಲಿಲ್ಲ. ನಮ್ಮವರ ಹಾಳೆಯಲ್ಲಿ ಅದರ ಮುಂದೆ "20 ನಿಮಿಷ, ಸೆಲ್ಫಿ" ಅಂತಿದೆ. ಅಳಿಸಲು ಹೇಳಿದೆ.

ಲೀಡ್ಸ್‌ವಾಸಿ
ಎಕ್ಸಿಬಿಷನ್ ಸ್ಕ್ವೇರ್‌ನಿಂದ ಸ್ವಯಂಸೇವಕ ಗೈಡ್‌ಗಳು ಜನರನ್ನು ನಡೆಸಿಕೊಂಡು ಹೋಗುತ್ತಾರೆ. 1951ರಿಂದ ನಡೆಯುತ್ತಿದೆ, ಕಾಸಿಲ್ಲ, ಟಿಪ್ಸ್ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಆದರೆ ಎರಡು ಗಂಟೆ ನಿಲ್ಲಬೇಕು, ಗೋಡೆಯನ್ನೂ ಹತ್ತಿಸುತ್ತಾರೆ. ನಿಮ್ಮವರನ್ನು ಕಳಿಸಿ. ಅಲ್ಲೇ ವಿಲಿಯಂ ಎಟಿಯ ಪ್ರತಿಮೆ ಇದೆ. 1800ರಲ್ಲಿ ನಗರಸಭೆ ಗೋಡೆಯನ್ನೇ ಕೆಡವಲು ಹೊರಟಿತ್ತು. ಬೇಡ ಅಂತ ಮುಂದೆ ಗಲಾಟೆ ಮಾಡಿದವರಲ್ಲಿ ಈ ಚಿತ್ರಕಾರನೂ ಒಬ್ಬ.

ಸುಮ್ನೆ_ಒಬ್ಬ
ನೋಡಿ, ಕಾಸಿಲ್ಲದ್ದು ಇಷ್ಟೊಂದು ಇದೆ. ನಾನು ಹೇಳಿದ್ದೂ ಅದನ್ನೇ.

ಗಾಜಿನಕಣ್ಣು
ನೀವು ಹೇಳಿದ್ದು ಅದನ್ನಲ್ಲ.

ಊರಲೆಯುವವಳು
ಹೋಗಿ ಬಂದೆವು! ವರದಿ ಒಪ್ಪಿಸುತ್ತೇನೆ.

23ರಲ್ಲಿ ನೋಡಿದ್ದು 9. ನಮ್ಮವರು ಮೊದಲ ದಿನ ಹನ್ನೊಂದು ಗಂಟೆಗೇ ಹಾಳೆ ಮಡಿಚಿ ಜೇಬಿಗಿಟ್ಟರು. ಶ್ಯಾಂಬಲ್ಸ್‌ಗೆ ಎಂಟಕ್ಕೆ ಹೋದೆವು, ಬೀದಿ ಖಾಲಿ. ಮಗ ಕೊಕ್ಕೆ ಎಣಿಸುತ್ತಾ ನಡೆದ. ಗೋಡೆಯ ಇಳಿಜಾರಿನ ತುಂಬ ಹಳದಿ ಡ್ಯಾಫೊಡಿಲ್ ಹೂವು. ಇದನ್ನು ಯಾರೂ ಹೇಳಲಿಲ್ಲವಲ್ಲ! ಲೀಡ್ಸ್‌ವಾಸಿಯವರೇ, ಡೀನ್ಸ್ ಪಾರ್ಕಿನಲ್ಲಿ ಕೂತ ಅಮ್ಮ ಗೋಡೆ ಮೇಲಿಂದ ಕಾಣಲೇ ಇಲ್ಲ, ನಡುವೆ ತೋಟ ಮತ್ತು ಮರ. ನಾವು ಯಾರಿಗೋ ಕೈ ಬೀಸಿದೆವು, ಅವರೂ ಪಾಪ ಬೀಸಿದರು.

ಮಿನ್‌ಸ್ಟರ್‌ಗೆ ಟಿಕೆಟ್ ತೆಗೆದುಕೊಂಡೆವು. ಬಾಗಿಲಲ್ಲಿ ಅಮ್ಮ ನಿಂತುಬಿಟ್ಟರು. ಶೂ ಹಾಕಿಕೊಂಡು ಹೇಗೆ ಹೋಗೋದು ಅಂತ. ಇಲ್ಲಿ ಹಾಗೇ ಹೋಗುವುದು ಅಂತ ಎರಡು ಸಲ ಹೇಳಬೇಕಾಯಿತು. ಐವರು ಸೋದರಿಯರ ಮುಂದೆ ಕೂರಿಸಿದೆ. ಕಾಲು ಗಂಟೆ ಅಂದಿದ್ದಿರಿ, ಮುಕ್ಕಾಲು ಗಂಟೆ ಎದ್ದೇಳಲಿಲ್ಲ. ಗೋಪುರ ಹತ್ತಿದ ಅಪ್ಪ ಮಗ ಇಳಿದು ಬಂದರೂ ಅಲ್ಲೇ. ಅಪ್ಪನಿಗೆ ಈಗ ಮಂಡಿ ನೋವು.

ಪಟ್ಟಿಯಲ್ಲಿ ಇಲ್ಲದ್ದೂ ಒಂದು ಸಿಕ್ಕಿತು. ಗುಡ್ರಮ್‌ಗೇಟ್‌ನಲ್ಲಿ ಮಳೆ ಬಂತು ಅಂತ ಒಂದು ಚಿಕ್ಕ ಕಮಾನಿನೊಳಗೆ ನುಗ್ಗಿದೆವು. ಅದರ ಹಿಂದೆ ಮರಗಳ ನಡುವೆ ಹೋಲಿ ಟ್ರಿನಿಟಿ ಅನ್ನುವ ಪುಟ್ಟ ಹಳೇ ಚರ್ಚ್. ನೆಲ ಅಲ್ಲಲ್ಲಿ ಕುಸಿದು ಏರುಪೇರು. ಬೆಂಚುಗಳಿಗೆ ಸುತ್ತಲೂ ಮರದ ಗೋಡೆ, ಬಾಗಿಲು, ಪೆಟ್ಟಿಗೆಯ ಹಾಗೆ. ಒಂದೊಂದು ಮನೆಯವರಿಗೆ ಒಂದೊಂದಂತೆ. ನಾವು ನಾಲ್ವರೂ ಒಂದರೊಳಗೆ ಕೂತು ಬಾಗಿಲು ಹಾಕಿಕೊಂಡೆವು. ಮಳೆಯ ಸದ್ದು ಬಿಟ್ಟರೆ ಬೇರೆ ಇಲ್ಲ. ಅಮ್ಮ ಚೀಲದಿಂದ ಕಿಟ್‌ಕ್ಯಾಟ್ ತೆಗೆದು ನಾಲ್ಕು ತುಂಡು ಮಾಡಿದರು. ಚರ್ಚಿನೊಳಗೆ ತಿನ್ನಬಾರದು ಅಂದೆ. "ಪ್ರಸಾದ" ಅಂದರು.

ಚಹಾಪ್ರಿಯೆ
ಈ ಚರ್ಚ್ ನನಗೂ ಗೊತ್ತಿರಲಿಲ್ಲ. ಎರಡು ಸಲ ಆ ಬೀದಿಯಲ್ಲಿ ಹೋಗಿದ್ದೇನೆ.

ರೈಲುಹುಚ್ಚ
ರೈಲ್ವೆ ಮ್ಯೂಸಿಯಂ?

ಊರಲೆಯುವವಳು
ವಾಪಸ್ ಹೊರಡುವ ದಿನ ನಲವತ್ತು ನಿಮಿಷ. ಮ್ಯಾಲರ್ಡ್ ನೋಡಿದೆವು. ಮಗ ಈಗ ನಿಮ್ಮ ಪಾರ್ಟಿ.

ಸುಮ್ನೆ_ಒಬ್ಬ
ನಾನೂ ಜೂನ್‌ನಲ್ಲಿ ಹೋಗ್ತಿದ್ದೇನೆ. ಆ ಐದು ಕಿಟಕಿ ಯಾವ ಕಡೆ ಅಂದಿರಿ, ಉತ್ತರನಾ?